ಸಂಜೆಗೆ ಬರುವ ವಿಭೂತಿ

ಕಾಫಿ ಎಸ್ಟೇಟಿನ ರೈಟರ್ ಮೃತ್ಯುಂಜಯನ ಗಡ್ಡಕ್ಕೆ ಒಂದು ಪಂಚಾಂಗವೇ ಇತ್ತು. ಸೋಮವಾರ ಶಿವನ ವಾರ, ಮುಖಕ್ಕೆ ಕತ್ತಿ ತಾಗಿಸುವಂತಿಲ್ಲ. ಮಂಗಳವಾರ, ಶುಕ್ರವಾರ ಮನೆಗೆ ಒಳ್ಳೆಯದಲ್ಲ. ಗುರುವಾರ, ಶನಿವಾರಕ್ಕೆ ಏನೂ ಅಡ್ಡಿಯಿಲ್ಲ, ಆದರೆ ಅವನಿಗೆ ಮನಸ್ಸಿಲ್ಲ. ಉಳಿದದ್ದು ಬುಧವಾರ ಮತ್ತು ಭಾನುವಾರ. ಇಪ್ಪತ್ತೆಂಟು ವರ್ಷದ ಸಂಸಾರದಲ್ಲಿ ಈ ಕ್ರಮ ತಪ್ಪಿದ್ದನ್ನು ಹೆಂಡತಿ ಪುಷ್ಪಾ ಕಂಡದ್ದು ಎರಡೇ ಸಲ: ಮಗಳ ಮದುವೆಯಲ್ಲಿ ಒಮ್ಮೆ, ಹರ್ನಿಯಾ ಆಪರೇಷನ್ನಿಗೆ ಹಾಸನದ ಆಸ್ಪತ್ರೆ ಸೇರಿದಾಗ ಒಮ್ಮೆ.

ಆದ್ದರಿಂದ ಕಾರ್ತಿಕದ ಎರಡನೇ ಸೋಮವಾರ ಬೆಳಗಿನ ಐದೂವರೆಗೆ ಬಚ್ಚಲ ಕಡೆಯಿಂದ ಚರಚರ ಸದ್ದು ಕೇಳಿದಾಗ, ಬೆಕ್ಕು ಬಾಗಿಲು ಕೆರೆಯುತ್ತಿದೆ ಎಂದುಕೊಂಡೇ ಅವಳು ಎದ್ದು ಬಂದಳು. ನೋಡಿದರೆ ಗಂಡ. ಕಿಟಕಿಯ ಸರಳಿಗೆ ಕನ್ನಡಿ ನೇತುಹಾಕಿಕೊಂಡು, ಮುಖದ ತುಂಬ ನೊರೆ ಬಳಿದುಕೊಂಡು ನಿಂತಿದ್ದ.

"ರೀ, ಇವತ್ತು ಸೋಮವಾರ ಕಣ್ರೀ."

"ಗೊತ್ತು."

"ಕಾರ್ತೀಕದ ಸೋಮವಾರ."

"ಗೊತ್ತು ಅಂದ್ನಲ್ಲ. ಮಾತಾಡಿಸ್ಬೇಡ, ಕುಯ್ದುಬುಡ್ತದೆ."

ಅವಳು ಒಲೆಗೆ ಸೌದೆ ಒತ್ತಿದಳು. ಒಂದು ದಿನದ ಮಾತು ಇರಬೇಕು, ಎಸ್ಟೇಟಿಗೆ ಯಾರೋ ಸಾಹೇಬರು ಬರುತ್ತಿರಬೇಕು ಎಂದುಕೊಂಡಳು. ಆದರೆ ಮಂಗಳವಾರವೂ ಚರಚರ. ಬುಧವಾರವೂ. ಶುಕ್ರವಾರವೂ.

ಒಂದು ವಾರದಲ್ಲಿ ಅದು ದಿನಚರಿಯಾಗಿ ಕೂತಿತು. ಮೊದಲು ಹಂಡೆಯ ಬಿಸಿನೀರಿನಲ್ಲಿ ಟವೆಲ್ ಅದ್ದಿ ಹಿಂಡಿ ಕೆನ್ನೆಗೆ ಒತ್ತುವುದು. ಆಮೇಲೆ ತೆಂಗಿನ ಚಿಪ್ಪಿನಲ್ಲಿಟ್ಟ ಸೋಪಿಗೆ ಬ್ರಷ್ ತಿಕ್ಕಿ ನೊರೆ ಎಬ್ಬಿಸುವುದು. ಒಂದು ಸಲ ಮೇಲಿನಿಂದ ಕೆಳಕ್ಕೆ, ಮತ್ತೆ ನೊರೆ ಹಚ್ಚಿ ಇನ್ನೊಂದು ಸಲ ಕೆಳಗಿನಿಂದ ಮೇಲಕ್ಕೆ ರೇಜರ್ ಎಳೆಯುವುದು. ಮುಖ ತೊಳೆದು ಪಟಿಕದ ಕಲ್ಲು ಉಜ್ಜುವುದು. ಸಣ್ಣ ಕತ್ತರಿಯಿಂದ ಮೀಸೆ ಕತ್ತರಿಸಿ, ಬೆಂಕಿಕಡ್ಡಿಯೊಂದನ್ನು ಮೂಗಿನ ಕೆಳಗೆ ಹಿಡಿದು ಅದರ ಅಳತೆ ನೋಡುವುದು. ವಾರಕ್ಕೊಮ್ಮೆ ಹಳೇ ಟೂತ್ ಬ್ರಷ್ಷಿನಿಂದ ಮೀಸೆಗೂ ಕಿವಿಯ ಮೇಲಿನ ಕೂದಲಿಗೂ ಕರಿಬಣ್ಣ. ಸ್ನಾನ, ಲಿಂಗಪೂಜೆ, ರೊಟ್ಟಿ ಎಲ್ಲ ಮುಗಿದ ಮೇಲೆ ಎರಡು ಹನಿ ಕೊಬ್ಬರಿ ಎಣ್ಣೆ ಹಚ್ಚಿ ಬೈತಲೆ ತೆಗೆಯುವುದು. ಮೊದಲೆಲ್ಲ ಬೈತಲೆ ಬಾಚಣಿಗೆ ಹೋದ ದಾರಿಯಲ್ಲಿ ಹೋಗುತ್ತಿತ್ತು. ಈಗ ಎಡಗಡೆಗೇ ಬರಬೇಕು. ಬಾರದಿದ್ದರೆ ನೀರು ಚಿಮುಕಿಸಿ ಮತ್ತೆ ಮೊದಲಿಂದ.

ಐವತ್ತನಾಲ್ಕು ವರ್ಷದ ಗಂಡಸು ಇಷ್ಟೆಲ್ಲ ಮಾಡುವುದನ್ನು ಬೇರೆ ಹೆಂಗಸು ನೋಡಿದ್ದರೆ ಮೊದಲ ದಿನವೇ ಕೇಳಿಬಿಡುತ್ತಿದ್ದಳು. ಪುಷ್ಪಾ ಕೇಳಲಿಲ್ಲ. ಕೇಳಬಾರದು ಎಂಬುದನ್ನು ಅವಳು ಕಲಿತದ್ದೇ ಅವನಿಂದ.

ಆಲೂರಿನ ಕಡೆಯ ಹಳ್ಳಿಯಿಂದ, ಪಿಯುಸಿ ಅರ್ಧಕ್ಕೆ ಬಿಟ್ಟು ಈ ಎಸ್ಟೇಟಿಗೆ ರೈಟರ್ ಆಗಿ ಬಂದಾಗ ಅವನಿಗೆ ಇಪ್ಪತ್ತನಾಲ್ಕು. ಬೆಳಗೋಡಿನಿಂದ ಮೂರು ಮೈಲಿ ಮೇಲೆ ತೋಟ. ದಿನಾ ಬೆಳಿಗ್ಗೆ ಏಳೂಮುಕ್ಕಾಲಿಗೆ ಆಳುಗಳನ್ನು ಸಾಲಾಗಿ ನಿಲ್ಲಿಸಿ, ಕೆಂಪು ರಟ್ಟಿನ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವುದು ಅವನ ಕೆಲಸದ ಮೊದಲ ಭಾಗ. ಒಬ್ಬರ ಹೆಸರಿಗೆ ಇನ್ನೊಬ್ಬರು 'ಇದೀನಿ' ಎಂದು ಓಗೊಡುವುದು ಎಲ್ಲ ತೋಟಗಳಲ್ಲೂ ಇದ್ದದ್ದೇ. ಇವನ ಮುಂದೆ ಮಾತ್ರ ಅದು ನಡೆಯುತ್ತಿರಲಿಲ್ಲ. ಮಂಜಿನಲ್ಲಿ ಮುಖ ಕಾಣದಿದ್ದರೂ ಕೆಮ್ಮಿನ ಮೇಲೆ ಆಳನ್ನು ಹೇಳುತ್ತಿದ್ದ. ಸಂಜೆ ಜಗಲಿಯಲ್ಲಿ ಕೂತು ಯಾರ ಜ್ವರ ನಿಜ, ಯಾರ ಜ್ವರ ಸುಳ್ಳು ಎಂದು ಹೆಂಡತಿಗೆ ವಿವರಿಸುತ್ತಿದ್ದ. "ಕೇಳ್ಬಾರ್ದು ಕಣೇ. ಕೇಳಿದ್ರೆ ಸುಳ್ಳು ತಯಾರಾಗ್ತದೆ. ಸುಮ್ನೆ ಎರಡು ಸಲ ನೋಡ್ಬೇಕು. ಒಂದ್ಸಲ ಬರೋವಾಗ, ಒಂದ್ಸಲ ಹೋಗೋವಾಗ."

ಅವನ ವಿದ್ಯೆಯನ್ನೇ ಅವನ ಮೇಲೆ ಹೂಡಿ ಪುಷ್ಪಾ ಎರಡು ಸಲ ನೋಡಿದಳು. ಆಗ ಕಂಡದ್ದು ಗಡ್ಡಕ್ಕಿಂತ ದೊಡ್ಡ ವಿಷಯ.

ಪೂಜೆ ಮಾಡುವಾಗ ಅವನ ಹಣೆಯ ಮೇಲೆ ಮೂರು ಗೆರೆ ವಿಭೂತಿ ಇರುತ್ತಿತ್ತು. ರೊಟ್ಟಿ ತಿನ್ನುವಾಗಲೂ ಇರುತ್ತಿತ್ತು. ಬೈಕು ಹತ್ತುವಾಗ ಇರುತ್ತಿರಲಿಲ್ಲ. ಸಂಜೆ ಬೈಕಿನಿಂದ ಇಳಿಯುವಾಗ ಮತ್ತೆ ಇರುತ್ತಿತ್ತು.

ಒಂದೇ ಒಂದು ಸಲ ಬಾಯಿ ತಡೆಯದೆ ಕೇಳಿದಳು. "ಹಣೆ ಯಾಕೆ ಬೋಳಾಗೈತೆ?"

"ಬೆವರು. ಒರೆಸ್ಕಂಡೆ."

ಅವನು ಹಾಗೆನ್ನುವಾಗ ಬಾಯಿಂದ ಹೊಗೆಯಂತೆ ಉಸಿರು ಬರುತ್ತಿತ್ತು. ಅಂಥ ಚಳಿ. ಬಚ್ಚಲಲ್ಲಿ ಒಣಗಲು ಹಾಕಿದ್ದ ಟವೆಲಿನ ತುದಿಯಲ್ಲಿ ಬಿಳಿ ಗುರುತು.

ಆ ಮನೆಯಲ್ಲಿ ವಿಭೂತಿ ಇಲ್ಲದೆ ಯಾರೂ ಹೊಸ್ತಿಲು ದಾಟಿದವರಲ್ಲ. ಮದುವೆಯಾದ ಹೊಸತರಲ್ಲಿ ಅವಳೇ ಅವನ ಹಣೆಗೆ ಹಚ್ಚುತ್ತಿದ್ದಳು. ಅವಳ ಬಲಗೈ ನಡುಬೆರಳು ಚಿಕ್ಕಂದಿನಲ್ಲಿ ಈಳಿಗೆಮಣೆಗೆ ಸಿಕ್ಕಿ ತುದಿಯಲ್ಲಿ ಡೊಂಕು. ಅದರಿಂದ ಮಧ್ಯದ ಗೆರೆ ನಡುವೆ ಕಡಿದು ಹೋಗುತ್ತಿತ್ತು. "ಸೇತುವೆ ಮುರೀತು ನೋಡು" ಎಂದು ಅವನು ನಗುತ್ತಿದ್ದ. ಮಗಳು ಹುಟ್ಟಿದ ಮೇಲೆ ಪುರುಸೊತ್ತಿಲ್ಲದೆ ಅದು ನಿಂತುಹೋಯಿತು. ಈಗ ಯಾರೋ ಬೆಳಿಗ್ಗೆ ಅವನು ಹಣೆ ಒರೆಸಿಕೊಳ್ಳುವಂತೆ ಮಾಡುತ್ತಿದ್ದಾರೆ, ಸಂಜೆಗೆ ಹಚ್ಚಿ ಕಳಿಸುತ್ತಿದ್ದಾರೆ. ಯಾರು? ಅಷ್ಟು ತಿಳಿದರೆ ಸಾಕಾಗಿತ್ತು ಅವಳಿಗೆ.

ಪಕ್ಕದ ಮನೆಯ ಸುಲೋಚನಮ್ಮ ಇದಕ್ಕೆ ಇನ್ನಷ್ಟು ಒಗ್ಗರಣೆ ಹಾಕಿದಳು. ಹೆಪ್ಪಿಗೆ ಮಜ್ಜಿಗೆ ಕೇಳಲು ಬಂದವಳು ಬಾಗಿಲಲ್ಲೇ ನಿಂತು, "ಏನ್ ಪುಷ್ಪಕ್ಕ, ನಿಮ್ಮನೆ ರೈಟ್ರು ಮದ್ವೆಗಂಡಿನ ಥರ ಹೊಂಟ್ರಲ್ಲ!" ಎಂದಳು.

"ತೋಟಕ್ಕೆ ಹೋದ್ರು."

"ತೋಟದಲ್ಲಿ ಕಾಫಿಗಿಡ ಇವ್ರ ಮುಖ ನೋಡ್ತದಾ? ನಮ್ಮೋರು ಹಬ್ಬ ಅಲ್ಲದ ದಿನ ತಲೆ ಬಾಚಿದ್ರೆ ಸಾಕು, ಎಲ್ಲಿಗೆ ಅಂತ ನಾನು ಚಪ್ಪಲಿ ಹಾಕ್ಕಂಡು ಹಿಂದೇನೇ ಹೋಗ್ಬುಡ್ತೀನಿ."

"ನಿಮ್ಮೋರು ಹೋಗೋದು ಬಾಳ್ಳುಪೇಟೆ ವೈನ್ ಶಾಪಿಗೆ. ಅದ್ಕೆ ಹಿಂದೆ ಹೋಗ್ಬೇಕಾ?"

ಸುಲೋಚನಮ್ಮ ನಕ್ಕಳು. ಆದರೆ ಹೋಗುವಾಗ ತಿರುಗಿ, "ನೋಡ್ಕಳಿ ಅಕ್ಕ" ಎಂದದ್ದು ನಗುವಿನಲ್ಲಿ ಹೇಳಿದ ಮಾತಾಗಿರಲಿಲ್ಲ.

ಮುಂದಿನ ವಾರ ಪುಷ್ಪಾ ಸೊಸೈಟಿಗೆಂದು ಬೆಳಗೋಡಿಗೆ ಹೋದಾಗ ಕಟಿಂಗ್ ಶಾಪಿನ ಕುಮಾರ್ ತಾನಾಗಿಯೇ ಕರೆದ. "ಅಮ್ಮಾ, ರೈಟ್ರಿಗೆ ಏನಾಗೈತೆ?"

"ಯಾಕಪ್ಪ?"

"ಮೊದ್ಲು ತಿಂಗ್ಳಿಗೊಂದ್ಸಲ ಬರೋರು. ಈಗ ವಾರವಾರ ಬತ್ತಾವ್ರೆ. ಜೇಬಿಂದ ಫೋಟೋ ತೆಗ್ದು ತೋರ್ಸಿ, 'ಇದರ ಥರಾನೇ ಇರ್ಬೇಕು, ಒಂದು ಕೂದ್ಲು ಹೆಚ್ಚುಕಮ್ಮಿ ಆಗ್ಬಾರ್ದು' ಅಂತಾರೆ."

ಪುಷ್ಪಾ ಅಂಗಡಿಯ ಮೆಟ್ಟಿಲವರೆಗೂ ಬಂದಳು. "ಯಾರ ಫೋಟೋ?"

"ಅವರ್ದೇ ಕಣಮ್ಮ! ಸಿನಿಮಾ ಹೀರೋದಾದ್ರೆ ನಂಗೂ ಅರ್ಥ ಆಗೋದು."

ಆ ಫೋಟೋ ಅವಳಿಗೆ ಭಾನುವಾರ ಕನ್ನಡಿಯ ರಟ್ಟಿನ ಹಿಂದೆ ಸಿಕ್ಕಿತು. ದೀಪಾವಳಿಗೆ ಹೊಲಿಸಿದ ನೀಲಿ ಚೌಕಳಿ ಶರಟು, ಹಬ್ಬಕ್ಕೆ ಮಾಡಿಸಿದ ಕಟಿಂಗ್, ನುಣ್ಣನೆ ಗಲ್ಲ, ಕರಿ ಮೀಸೆ, ಬೋಳು ಹಣೆ. ಹಿಂಬದಿಯಲ್ಲಿ ಹಾಜರಿ ಪುಸ್ತಕದ ಅದೇ ಗುಂಡನೆ ಅಕ್ಷರದಲ್ಲಿ ಬರೆದಿತ್ತು: 'ಬೈತಲೆ ಎಡಕ್ಕೆ. ಮೀಸೆ ಒಂದು ಕಡ್ಡಿ. ಟೋಪಿ ಇಲ್ಲ. ಹಣೆ ಖಾಲಿ.'

ಅವಳು ಬಚ್ಚಲ ಕಟ್ಟೆಯ ಮೇಲೆ ಕೂತುಬಿಟ್ಟಳು. ಇದು ಮರೆವಲ್ಲ, ಬೆವರಲ್ಲ. ಯಾರೋ ಹೇಳಿ ಬರೆಸಿದ ಹಾಗಿದೆ. ಹೆಂಗಸಾದರೆ ಎಂಥ ಹೆಂಗಸು? ವಿಭೂತಿ ಕಂಡರೆ ಆಗದವಳು? ಅಥವಾ ಹೆಂಗಸೇ ಅಲ್ಲವೋ? ಯಾವುದೋ ಮಾಟದವನ ಕೈಗೆ ಸಿಕ್ಕಿದ್ದಾನೋ? ಒಂದೊಂದೇ ಯೋಚನೆ ಬಂದು, ಹಿಂದಿನದಕ್ಕಿಂತ ಕೆಟ್ಟದ್ದಾಗಿ ಕೂತಿತು. ಫೋಟೋವನ್ನು ಇದ್ದ ಹಾಗೇ ಇಟ್ಟಳು.

ದೇವರ ಗೂಡಿನ ವಿಭೂತಿ ಗಟ್ಟಿಯ ಒಂದು ಮೂಲೆಗೆ ಅಂದೇ ಉಗುರಿನಿಂದ ಸಣ್ಣ ಗೀರು ಹಾಕಿದಳು. ಎರಡು ದಿನ ಬಿಟ್ಟು ನೋಡಿದರೆ ಗೀರಿನ ಮೂಲೆಯೇ ಇಲ್ಲ. ಯಾರೋ ಮುರಿದುಕೊಂಡಿದ್ದರು. ಹಾಗಾದರೆ ಸಂಜೆಯ ವಿಭೂತಿ ಬೇರೆ ಮನೆಯದಲ್ಲ, ಈ ಗೂಡಿನದೇ. ಇದರಿಂದ ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ಮನೆಯ ವಿಭೂತಿಯನ್ನು ಮನೆಯಲ್ಲಿ ಒರೆಸಿ, ಕದ್ದು ಒಯ್ದು, ಎಲ್ಲೋ ಹಚ್ಚಿಕೊಂಡು ಬರುವ ಗಂಡಸಿನ ಲೆಕ್ಕ ಯಾವ ಕಡೆಯಿಂದ ಕೂಡಿದರೂ ತಾಳೆಯಾಗುತ್ತಿರಲಿಲ್ಲ.

ಗುರುವಾರ ಬೆಳಿಗ್ಗೆ ಅವನು ಬೈತಲೆಯ ಜೊತೆ ಹೆಣಗುತ್ತಿದ್ದಾಗ ಅವಳು ಬ್ಯಾಗಿನಿಂದ ಊಟದ ಡಬ್ಬಿಯನ್ನು ಮೆಲ್ಲಗೆ ತೆಗೆದಿಟ್ಟಳು. ಬೈಕಿನ ಸದ್ದು ತಿರುವಿನಲ್ಲಿ ಮರೆಯಾದದ್ದೇ ತಡ, ಡಬ್ಬಿ ಸೆರಗಿನಲ್ಲಿ ಹಿಡಿದು, ಕೊಯ್ಲಿನ ಹೆಂಗಸರನ್ನು ತುಂಬಿಕೊಂಡು ಹೋಗುವ ಪಿಕಪ್ಪಿಗೆ ಕೈ ಅಡ್ಡ ಹಿಡಿದಳು.

"ಏನ್ ಅಮ್ಮಾವ್ರು ಇವತ್ತು ಕೊಯ್ಲಿಗಾ?" ಎಂದು ಹೆಂಗಸರು ಜಾಗ ಬಿಟ್ಟರು.

"ಡಬ್ಬಿ ಮರ್ತೋಗವ್ರೆ."

"ಅಲಂಕಾರದಲ್ಲಿ ಮರ್ತಿರ್ಬೇಕು" ಎಂದಳು ಒಬ್ಬಳು. ಎಲ್ಲರೂ ನಕ್ಕರು. ಪುಷ್ಪಾ ಡಬ್ಬಿಯ ಮುಚ್ಚಳ ಗಟ್ಟಿ ಹಿಡಿದಳು.

ಎಸ್ಟೇಟಿನ ಆಫೀಸಿನ ಮುಂದೆ ಕಾಫಿ ಒಣಗಿಸುವ ಕಣ. ಹೆಂಗಸರು ಇಳಿದು ಸಾಲಿಗೆ ಸೇರಿದರು. ಪುಷ್ಪಾ ಸ್ಟೋರಿನ ಮೂಲೆಗೆ ಸರಿದು, ಪೇರಿಸಿಟ್ಟಿದ್ದ ಚೀಲಗಳ ಹಿಂದೆ ನಿಂತಳು. ಅವಳು ಕೊನೆಯ ಸಲ ಬಂದಾಗ ಇಲ್ಲಿ ಮೇಜು ಹಾಕಿಕೊಂಡು, ಕೆಂಪು ಪುಸ್ತಕ ಹರಡಿಕೊಂಡು ಅವಳ ಗಂಡ ಕೂತಿದ್ದ. ಈಗ ಮೇಜಿಲ್ಲ. ಗೋಡೆಯ ಮೇಲೆ ಅಂಗೈಯಗಲದ ಕರಿ ಪೆಟ್ಟಿಗೆ. ಒಬ್ಬೊಬ್ಬರೇ ಹೋಗಿ ಅದರ ಮುಂದೆ ಮುಖ ಒಡ್ಡುತ್ತಾರೆ. 'ಥ್ಯಾಂಕ್ ಯೂ' ಎನ್ನುತ್ತದೆ ಅದು. ಮುಂದಿನವರು ಬರುತ್ತಾರೆ.

ಮೃತ್ಯುಂಜಯ ಸಾಲಿನಲ್ಲಿ ಆಳುಗಳ ನಡುವೆ ಆರನೆಯವನಾಗಿ ನಿಂತಿದ್ದ. ಜೇಬಿನಿಂದ ಬಾಚಣಿಗೆ ತೆಗೆದು ಬೈತಲೆ ಸರಿಮಾಡಿಕೊಂಡ. ಪುಟ್ಟ ಕನ್ನಡಿ ತೆಗೆದು ಮೀಸೆ ನೋಡಿಕೊಂಡ. ಅಂಗೈಯಿಂದ ಹಣೆಯನ್ನು ಇನ್ನೊಂದು ಸಲ ಒರೆಸಿಕೊಂಡ.

ಹಿಂದಿದ್ದ ಕರಿಯಪ್ಪ, ತೋಟದ ಹಳೇ ಆಳು, "ಹೆಣ್ಣು ನೋಡಕ್ಕಾ ರೈಟ್ರೇ?" ಎಂದ.

"ನಿನ್ನ ಪಾಡು ನೀನು ನೋಡ್ಕಳೋ."

ಸರದಿ ಬಂತು. ಶಾಲೆಯ ಹುಡುಗ ಇನ್ಸ್‌ಪೆಕ್ಟರ ಮುಂದೆ ನಿಂತಂತೆ ಕೈ ಇಳಿಬಿಟ್ಟು, ಗಲ್ಲ ಎತ್ತಿ ನಿಂತ. ಮಿಷನ್ ಒಂದು ಕ್ಷಣ ಸುಮ್ಮನಿತ್ತು. 'ಥ್ಯಾಂಕ್ ಯೂ.' ಅವನು ಉಸಿರು ಬಿಟ್ಟು, ಯಾರ ಮುಖವನ್ನೂ ನೋಡದೆ ನೇರ ನಲ್ಲಿಯ ಹಿಂದಕ್ಕೆ ಹೋದ. ಜೇಬಿನಿಂದ ಪೇಪರ್ ಪೊಟ್ಟಣ ಬಿಚ್ಚಿದ. ಹನಿ ನೀರಿನಲ್ಲಿ ವಿಭೂತಿ ತೇವ ಮಾಡಿ, ಕಣ್ಣು ಮುಚ್ಚಿ, ಮೂರು ಬೆರಳಿನಿಂದ ಹಣೆಗೆ ಎಳೆದುಕೊಂಡ. ಕಣ್ಣು ಬಿಟ್ಟಾಗ ಅವನು ಮತ್ತೆ ಅವಳ ಗಂಡನ ಹಾಗಿದ್ದ. ಕೊಕ್ಕೆ ಕೋಲು ಹಿಡಿದು ಆಳುಗಳ ಹಿಂದೆ ತೋಟದೊಳಗೆ ಹೋದ.

ಪುಷ್ಪಾ ಚೀಲಗಳ ಹಿಂದಿನಿಂದ ಹೊರಗೆ ಬಂದಳು. ಹೆಂಗಸಲ್ಲ, ಮಾಟದವನಲ್ಲ. ಗೋಡೆಯ ಮೇಲಿನ ಒಂದು ಪೆಟ್ಟಿಗೆ. ಆದರೂ ಅನುಮಾನ ಪೂರ್ತಿ ಇಳಿಯಲಿಲ್ಲ. ಪೆಟ್ಟಿಗೆಗೆ ಇವನ ವಿಭೂತಿಯ ಮೇಲೆ ಏನು ದ್ವೇಷ?

ಆಫೀಸಿನಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ಗಗನಾ ಎಂಬ ಹುಡುಗಿ ಇದ್ದಳು, ದೋಣಿಗಲ್ ಕಡೆಯವಳು. ಡಬ್ಬಿ ಅವಳ ಕೈಗೆ ಕೊಟ್ಟು ಪುಷ್ಪಾ ಸುಮ್ಮನೆ ಕೇಳಿದವಳಂತೆ ಕೇಳಿದಳು. "ಅದು ಹೊಸ ಮಿಷನ್ನಾ ಮಗಾ?"

"ಹೂಂ ಆಂಟಿ, ಮುಖ ನೋಡಿ ಹಾಜ್ರಿ ಹಾಕೋದು. ದೀಪಾವಳಿ ಕಳೆದ್ಮೇಲೆ ಹಾಕಿದ್ದು. ಹಬ್ಬದ ಮಾರನೇ ದಿನ ಎಲ್ರಿಗೂ ಮುಖ ತೊಳ್ಕಂಡು ಬನ್ನಿ ಅಂತ ಹೇಳಿ ಫೋಟೋ ತೆಗ್ದು ಸೇರ್ಸಿದ್ವಿ. ಅಂಕಲ್ ಬಂದು ನಂಗೊಂದು ಕಾಪಿ ಕೊಡಮ್ಮ ಅಂತ ಪ್ರಿಂಟ್ ತಗಂಡ್ರು."

"ಗಡ್ಡ ಗಿಡ್ಡ ಇದ್ರೆ, ವಿಭೂತಿ ಇದ್ರೆ, ತಗಳ್ಳದಿಲ್ವಾ ಅದು?"

ಗಗನಾ ನಕ್ಕುಬಿಟ್ಟಳು. "ಅದು ನೋಡೋದು ಕಣ್ಣು, ಮೂಗು, ದವಡೆ ಆಂಟಿ. ಆ ಕರಿಯಪ್ಪನ ಗಡ್ಡ ನೋಡಿದೀರಲ್ಲ, ಅವನನ್ನೇ ತಗಳ್ತದೆ. ಮೊದಲ ವಾರ ಒಂದಿನ ಮಾತ್ರ ಕೈ ಕೊಡ್ತು. ಬೆಳಗಿನ ಬಿಸಿಲು ಸೀದಾ ಅದರ ಕಣ್ಣಿಗೇ ಹೊಡೀತಿತ್ತು, ಎಂಟು ಜನರನ್ನ ಬೇಡ ಅಂತು. ಅಂಕಲ್ಲನ್ನೂ."

"ಆಮೇಲೆ?"

"ಮೂರು ಸಲ ನಿಂತ್ರು, ಮೂರು ಸಲಾನೂ ಬೇಡ ಅಂತು. ಕರಿಯಪ್ಪ, 'ಎಲ್ರ ಹಾಜ್ರಿ ಬರ್ದೋರು, ಈಗ ನಿಮ್ಮುನ್ನೇ ಯಾರು ಅಂತ ಕೇಳ್ತಾ ಐತಲ್ಲ ರೈಟ್ರೇ' ಅಂದ. ಎಲ್ರೂ ನಕ್ಕರು. ಮಿಕ್ಕ ಏಳು ಜನ ಮಿಷನ್ನಿಗೆ ಬೈಕಂಡು ಅಲ್ಲೇ ನಿಂತ್ರು. ಅಂಕಲ್ ಒಬ್ರೇ ಟೋಪಿ ತೆಗ್ದು ನಲ್ಲಿಗೆ ಹೋಗಿ ಮುಖ ತೊಳ್ಕಂಡು ಬಂದ್ರು. ಅಷ್ಟರಲ್ಲಿ ಬಿಸಿಲು ಸಿಲ್ವರ್ ಓಕ್ ಮರದ ಹಿಂದೆ ಹೋಗಿತ್ತು, ತಗಂತು. ಮಧ್ಯಾಹ್ನಾನೇ ಮಿಷನ್ನ ಈ ಗೋಡೆಗೆ ಹಾಕ್ಸಿದ್ವಿ."

"ಅವರಿಗೆ ಹೇಳ್ಲಿಲ್ವಾ ನೀನು?"

"ಮಿಷನ್ ಮಾತು ಎತ್ತಿದ್ರೆ 'ನಂಗೊತ್ತಮ್ಮ' ಅಂತಾರೆ. ಇನ್ನೇನು ಹೇಳ್ಲಿ?"

ಪುಷ್ಪಾ ಬೆಳಗೋಡಿನವರೆಗೆ ಇಳಿಜಾರಿನಲ್ಲಿ ನಡೆದೇ ಬಂದಳು. ಮೂವತ್ತು ವರ್ಷ ಊರಿನ ಮುಖಗಳನ್ನೆಲ್ಲ ಗುರುತು ಹಿಡಿದವನು, ತನ್ನ ಮುಖಕ್ಕೇ ಗುರುತು ಸಿಗಲಿಲ್ಲವೆಂದು ಬೆದರಿಬಿಟ್ಟಿದ್ದ. ವಿಭೂತಿ ತೊಳೆದ ಮೇಲೆ ತಗೊಂಡಿತು, ಆದ್ದರಿಂದ ವಿಭೂತಿಯದೇ ತಪ್ಪು. ಹಬ್ಬದ ಮುಖ ಫೋಟೋದಲ್ಲಿದೆ, ಆದ್ದರಿಂದ ದಿನವೂ ಹಬ್ಬದ ಮುಖವೇ ಬೇಕು. ಇನ್ನೊಂದು ಸಲ ಬೇಡವೆಂದರೆ ಮನೆಗೇ ಕಳಿಸುತ್ತಾರೆ ಎಂಬ ಹೆದರಿಕೆ ಬೇರೆ. ಒಬ್ಬ ಹುಡುಗಿಯನ್ನು ಕೇಳಿದ್ದರೆ ಮುಗಿಯುತ್ತಿತ್ತು. ಕೇಳಿದರೆ ಸುಳ್ಳು ತಯಾರಾಗುತ್ತದೆ ಎಂದು ನಂಬಿದವನು ಯಾರನ್ನು ಕೇಳಿಯಾನು? ಹಣೆ ಒರೆಸಿದ್ದನ್ನು ಹೆಂಡತಿಗಾದರೂ ಯಾವ ಬಾಯಲ್ಲಿ ಹೇಳಿಯಾನು?

ಅವಳೂ ಹೇಳಲಿಲ್ಲ. ಹೇಳಿದರೆ ಬೆನ್ನ ಹಿಂದೆ ನಿಂತು ನೋಡಿದ್ದನ್ನೂ ಹೇಳಬೇಕಾಗುತ್ತದೆ.

ಸೋಮವಾರ ನಸುಕಿನಲ್ಲಿ ಎದ್ದು ರೇಜರನ್ನು ಅಕ್ಕಿ ಡಬ್ಬದೊಳಗೆ ಹೂತಿಟ್ಟಳು.

"ಪುಷ್ಪಾ, ರೇಜರ್ ಎಲ್ಲಿ?"

"ಸೋಮವಾರ ರೇಜರ್ ಯಾಕ್ರೀ?"

ಅವನು ಬಚ್ಚಲು ಹುಡುಕಿದ, ಗೂಡು ಹುಡುಕಿದ, ಅಡಿಗೆಮನೆಗೂ ಬಂದು, ಡಬ್ಬದ ಪಕ್ಕ ಚೆಲ್ಲಿದ್ದ ಅಕ್ಕಿಕಾಳು ಸೇರಿದಂತೆ ಎಲ್ಲ ಒಂದು ಸುತ್ತು ನೋಡಿ ಹೋದ. ಗಲ್ಲದ ಮೇಲೆ ಒಂದು ದಿನದ ಬಿಳಿ ಮೊಳಕೆ. ಗಂಟೆ ಏಳಾಯಿತು. ಅವನು ಟವೆಲ್ ತೆಗೆದುಕೊಂಡು ಹಣೆಗೆ ಒಯ್ಯುವಷ್ಟರಲ್ಲಿ ಪುಷ್ಪಾ ಎದುರಿಗೆ ಬಂದು ನಿಂತಳು. ಕೈಯಲ್ಲಿ ತೇವದ ವಿಭೂತಿ. ಅವನು ಪೂಜೆಯಲ್ಲಿ ಹಚ್ಚಿಕೊಂಡು ಆಗಲೇ ಮಾಸಿದ್ದರ ಮೇಲೇ ಮೂರು ಬೆರಳಿಂದ ಗಟ್ಟಿಯಾಗಿ ಎಳೆದಳು. ಅವನು ಅಲುಗಲಿಲ್ಲ.

"ಒರೆಸ್ಕಂಡ್ರೆ ನನ್ನಾಣೆ."

"ತಗಳ್ಳಿಲ್ಲ ಅಂದ್ರೆ?" ಬಾಯಿಂದ ಜಾರಿಹೋಯಿತು.

"ಯಾರು?"

ಅವನು ಬೈಕಿನ ಕೀಲಿಗಾಗಿ ಜೇಬು ತಡವಿದ.

"ತಗಳ್ಳಿಲ್ಲ ಅಂದ್ರೆ ವಾಪಸ್ ಬನ್ನಿ. ನಾನು ಇಪ್ಪತ್ತೆಂಟು ವರ್ಷದಿಂದ ತಗಂಡಿಲ್ವಾ?"

ಬೈಕು ಎರಡು ಸಲ ಒದ್ದ ಮೇಲೆ ಹತ್ತಿಕೊಂಡಿತು.

ಆ ದಿನ ಅವಳಿಗೆ ಯಾವ ಕೆಲಸವೂ ಸಾಗಲಿಲ್ಲ. ಹುಡುಗಿ ಹೇಳಿದ್ದು ಸುಳ್ಳಾಗಿದ್ದರೆ? ದಾರಿಯಲ್ಲೇ ಒರೆಸಿಕೊಂಡಿದ್ದರೆ? ಹತ್ತು ಗಂಟೆಗೆ ತಿರುವಿನಲ್ಲಿ ಯಾವುದೋ ಬೈಕು ಸದ್ದಾದಾಗ ಓಡಿ ಹೊರಗೆ ಬಂದಳು. ಹಾಲಿನವನು.

ಸಂಜೆ ಆರಕ್ಕೆ ಅವನು ಬಂದ. ಹಣೆಯಲ್ಲಿ ವಿಭೂತಿ ಇತ್ತು. ದಿನವೂ ಇರುತ್ತಿತ್ತು, ಅದರಿಂದ ಏನೂ ತಿಳಿಯುವುದಿಲ್ಲ. ಪುಷ್ಪಾ ನೀರಿನ ಚೊಂಬು ಕೊಡುವ ನೆಪದಲ್ಲಿ ಹತ್ತಿರ ಹೋಗಿ ನೋಡಿದಳು. ಬೆವರಿಗೆ, ಧೂಳಿಗೆ ಮಾಸಿದ ಮೂರು ಗೆರೆ. ಮಧ್ಯದ್ದು ನಡುವೆ ಕಡಿದಿತ್ತು.

ಅವನು ಚೊಂಬು ಕೆಳಗಿಟ್ಟು, "ಯಾರು ಹೇಳಿದ್ರು ನಿಂಗೆ?" ಎಂದ.

"ಏನನ್ನ?"

"ಗಗನಾ?"

"ಯಾವ ಗಗನಾ?"

ಅವನು ಅವಳನ್ನು ಒಂದು ಸಲ ನೋಡಿದ. ಅವಳು ಒಳಗೆ ಹೋಗಲು ತಿರುಗಿದಾಗ ಇನ್ನೊಂದು ಸಲ ನೋಡಿದ. ಅವಳಿಗೆ ಬೆನ್ನಿನಲ್ಲೇ ಅದು ಗೊತ್ತಾಯಿತು.

"ಒಂದೇ ಏಟಿಗೆ ತಗಂತು ಕಣೇ" ಎಂದ ಅವನು ಜಗಲಿಯಿಂದ. "ಗಡ್ಡ ಐತೆ, ವಿಭೂತಿ ಐತೆ, ಏನೂ ಅನ್ಲಿಲ್ಲ. ಅದ್ಕೇ ನಂಗೆ ಅನುಮಾನ. ಏನು ಮನಸಲ್ಲಿ ಇಟ್ಕಂಡೈತೋ ಅದು."

"ಇಟ್ಕಂಡಿರ್ಲಿ ಬಿಡಿ. ಕಾಫಿ ಕುಡೀರಿ."

ಲೋಟ ಕೈಗೆ ತೆಗೆದುಕೊಂಡು, ಗಲ್ಲದ ಮೊಳಕೆಯ ಮೇಲೆ ಹೆಬ್ಬೆರಳು ಆಡಿಸುತ್ತ ಅವನು ಎರಡು ಗುಟುಕು ಕುಡಿದ. ಆಮೇಲೆ ಅವಳ ಕಡೆ ನೋಡದೆಯೇ ಹೇಳಿದ:

"ಆ ರೇಜರ್ ಅಕ್ಕಿ ಡಬ್ಬದಲ್ಲೇ ಇರ್ಲಿ. ಬುಧವಾರ ತಗಂತೀನಿ."